ಪೆಟ್ರೋಲೂ ಸೈ, ಗ್ಯಾಸೂ ಸೈ: ಮನೆಗೂ ಪ್ರವಾಸಕ್ಕೂ ಜನರೇಟರ್ ಆರಿಸುವ ಬಗೆ

ಪುಣೆಯಲ್ಲಿ ಗುರುವಾರ ಬೆಳಿಗ್ಗೆ ಕರೆಂಟ್ ಹೋದರೆ ಯಾರೂ ಎದ್ದು ಹೋಗಿ ಫ್ಯೂಸ್ ನೋಡುವುದಿಲ್ಲ. ಮಹಾರಾಷ್ಟ್ರದ ವಿದ್ಯುತ್ ಕಂಪನಿಯಾದ ಮಹಾವಿತರಣದವರು ದುರಸ್ತಿ ಕೆಲಸಕ್ಕೆ ಇಟ್ಟುಕೊಂಡ ವಾರ ಅದು. ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ಬಾರದ ವಾರವೂ ಅದೇ. ಗೋವಾದಲ್ಲಿ ಇಂಥ ವಾರದ ಲೆಕ್ಕ ಇಲ್ಲ. ಮೇ ಕೊನೆಗೆ ಮೊದಲ ಗಾಳಿಮಳೆ ಬಂದು ಮರ ತಂತಿ ಮೇಲೆ ಬಿದ್ದರೆ, ಪೋಂಡಾ, ವಾಳಪೈ ಕಡೆಯ ಒಳ ಊರುಗಳಲ್ಲಿ ಲೈಟ್ ಯಾವಾಗ ಬಂದೀತೆಂದು ಲೈನ್‌ಮನ್ ಕೂಡ ಹೇಳಲಾರ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಕರಾವಳಿಗೆ ಅಪ್ಪಳಿಸಿದಾಗ, 2021ರ ಮೇನಲ್ಲಿ ತೌಕ್ತೆ ಗೋವಾದ ಪಕ್ಕದಲ್ಲೇ ಹಾದುಹೋದಾಗ, ಈ ಕಡೆಯವರು ಕತ್ತಲಲ್ಲಿ ಕೂತು ‘ಒಂದು ಜನರೇಟರ್ ಇದ್ದಿದ್ದರೆ’ ಎಂದುಕೊಂಡದ್ದು ಸುಳ್ಳಲ್ಲ.

ಮುಂಬೈ ನಗರದೊಳಗೆ ಫ್ಲಾಟಿನಲ್ಲಿರುವವರಿಗೆ ಮಾತ್ರ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ನಿಮಗಲ್ಲ. 2020ರ ಅಕ್ಟೋಬರ್ 12ರಂದು ಗ್ರಿಡ್ಡೇ ಕೈಕೊಟ್ಟು ಲೋಕಲ್ ರೈಲು ನಿಂತ ಹಾಗೆ ಆಗುವುದು ಅಪರೂಪ. ಅಂಥ ಒಂದು ದಿನಕ್ಕೆ ಬ್ಯಾಟರಿ ಇನ್ವರ್ಟರ್ ಸಾಕು. ಏಳನೇ ಮಹಡಿಯ ಬಾಲ್ಕನಿಯಲ್ಲಿ ಪೆಟ್ರೋಲ್ ಇಂಜಿನ್ ಓಡಿಸುವುದು ಜೀವಕ್ಕೇ ಅಪಾಯ.

ಉಳಿದವರಿಗೆ, ಅಂದರೆ ಪುಣೆಯ ಸುತ್ತ ರೋ ಹೌಸ್, ಬಂಗಲೆ ಇರುವವರಿಗೆ, ಗೋವಾದಲ್ಲಿ ಅಂಗಳವಿರುವ ಮನೆಯವರಿಗೆ, ಮುಳಶಿ, ಪಾನಶೇತ್ ಕಡೆ ತೋಟದ ಮನೆ ಮಾಡಿಕೊಂಡವರಿಗೆ ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ ಸಣ್ಣ ಜನರೇಟರ್ ಒಳ್ಳೆಯ ಯೋಚನೆಯೇ. ಅಂಗಡಿಯಲ್ಲಿ ಮಾತು ಯಾವಾಗಲೂ ‘ಎಷ್ಟು ವಾಟ್ ಬೇಕು’ ಎಂಬಲ್ಲಿಂದ ಶುರುವಾಗುತ್ತದೆ. ನೀವು ಹಿಂದಿನಿಂದ ಬನ್ನಿ. ಎಲ್ಲಿ ನಿಲ್ಲಿಸುತ್ತೀರಿ, ಯಾವ ಇಂಧನ ನಿಮಗೆ ಕಾನೂನುಬದ್ಧವಾಗಿ, ಸುಲಭವಾಗಿ ಸಿಗುತ್ತದೆ, ಆಮೇಲೆ ಎಷ್ಟು ಲೋಡ್, ಕೊನೆಗೆ ಯಾವ ಯಂತ್ರ. ಈ ಕ್ರಮದಲ್ಲಿ ಹೋದರೆ ಅರ್ಧಕ್ಕರ್ಧ ಮಾಡೆಲ್‌ಗಳು ತಾವಾಗಿಯೇ ಬಿದ್ದುಹೋಗುತ್ತವೆ.

1. ನಿಲ್ಲಿಸುವ ಜಾಗ

ಮನೆಯ ಯಾವುದೇ ಕಿಟಕಿ ಬಾಗಿಲಿನಿಂದ ಕನಿಷ್ಠ 20 ಅಡಿ ದೂರ ಬೇಕು. ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ಮಂಪರು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಗ್ಯಾಸಿನಲ್ಲಿ ಓಡಿಸಿದರೆ ಹೊಗೆ ಸ್ವಚ್ಛ, ಹಾಗಾಗಿ ಒಳಗಿಟ್ಟರೂ ನಡೆಯುತ್ತದೆ ಎಂಬ ಮಾತು ಕೇಳಿದ್ದೇನೆ. ಅದು ತಪ್ಪು. ಗ್ಯಾಸಿನಲ್ಲಿ ಓಡಿದರೂ ಈ ವಿಷ ಬರುತ್ತದೆ. ಮುಚ್ಚಿದ ಪಾರ್ಕಿಂಗ್, ಗ್ರಿಲ್ ಹಾಕಿದ ವರಾಂಡ, ಮೆಟ್ಟಿಲ ಕೆಳಗಿನ ಜಾಗ ಯಾವುದೂ ಆಗದು. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕೋಣೆಯ ಹತ್ತಿರ ಹಾಕಿಸಿ. ಜನರೇಟರ್ ಜೊತೆಗೆ ಕೊಳ್ಳುವ ಬಿಡಿ ಸಾಮಾನುಗಳಲ್ಲಿ ಮೊದಲು ಇದು.

ನಮ್ಮ ಕಡೆ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಜನರೇಟರ್ ಹೆಚ್ಚು ಬೇಕಾಗುವುದೂ ಆ ತಿಂಗಳುಗಳಲ್ಲೇ. ಆದ್ದರಿಂದ ಮನೆಯ ಪೂರ್ವ ಅಥವಾ ಈಶಾನ್ಯ ಬದಿಯಲ್ಲಿ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿ ನಿಲ್ಲುವಂತೆ ಜಾಗ ಹುಡುಕಿ. ಮೇಲೆ ತಗಡಿನ ಮಾಡು, ಸುತ್ತ ಬಯಲು, ಕೆಳಗೆ ನಾಲ್ಕು ಇಟ್ಟಿಗೆ ಎತ್ತರದ ಕಟ್ಟೆ. ಮಳೆ ಬಂತೆಂದು ಓಡುವ ಯಂತ್ರಕ್ಕೆ ತಾಡಪತ್ರಿ ಸುತ್ತುವವರಿದ್ದಾರೆ. ತಾಡಪತ್ರಿಯೂ ಸುಡುತ್ತದೆ, ಇಂಜಿನ್ನೂ ಉಸಿರುಗಟ್ಟುತ್ತದೆ.

ಗ್ಯಾಸ್ ಸಿಲಿಂಡರಿನ ಜಾಗವನ್ನು ಬೇರೆಯಾಗಿ ಯೋಚಿಸಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲ ಹಿಡಿದು ಹರಿದು ತಗ್ಗಿಗೆ ಹೋಗಿ ಕೂರುತ್ತದೆ. ಮೋರಿ, ಚೇಂಬರ್, ನೆಲದಡಿಯ ನೀರಿನ ಟ್ಯಾಂಕಿನ ಮುಚ್ಚಳ ಇವುಗಳ ಹತ್ತಿರ ಸಿಲಿಂಡರ್ ಬೇಡ. ಪೈಪ್ ಅನುಮತಿಸುವಷ್ಟು ದೂರದಲ್ಲಿ, ಬಿಸಿ ಸೈಲೆನ್ಸರಿನ ಎದುರು ಬದಿಗೆ, ನೆಟ್ಟಗೆ ನಿಲ್ಲಿಸಿ.

ಶಬ್ದದ ವಿಚಾರ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಪಕ್ಕದ ಮನೆಯ ಕಾಕಾಗೆ ಡೆಸಿಬೆಲ್ ಗೊತ್ತಿರಬೇಕೆಂದಿಲ್ಲ, ನಿದ್ದೆ ಗೊತ್ತು. ರೋ ಹೌಸಿನಲ್ಲಿದ್ದರೆ ಕೊಳ್ಳುವ ಮೊದಲೇ ಅವರ ಕಿವಿಗೆ ಒಂದು ಮಾತು ಹಾಕಿಡಿ, ಅವರ ಫ್ರಿಜ್ಜಿಗೂ ಒಂದು ವಾಯರ್ ಎಳೆದುಕೊಡುವ ಮಾತನ್ನೂ ಸೇರಿಸಿ. ಆಮೇಲೆ ತಕರಾರು ಬರುವುದು ಕಡಿಮೆ.

2. ಇಂಧನ: ಎಲ್ಲ ಆಯ್ಕೆಯೂ ಇಲ್ಲೇ ತೀರ್ಮಾನವಾಗುವುದು

‘ಮನೆಯಲ್ಲಿ ಹೇಗೂ ಅಡುಗೆ ಸಿಲಿಂಡರ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಈ ಯಂತ್ರ ಕೊಳ್ಳುವವರೇ ಹೆಚ್ಚು. ಆದರೆ 14.2 ಕೆಜಿಯ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ. ಅದನ್ನು ಜನರೇಟರಿಗೋ ಕಾರಿಗೋ ಬಳಸುವುದು 2000ದ ಎಲ್‌ಪಿಜಿ ಸರಬರಾಜು ಮತ್ತು ವಿತರಣೆ ಆದೇಶದ ಪ್ರಕಾರ ಅಪರಾಧ. ನಿಮಗೆ ಬೇಕಾದದ್ದು 19 ಕೆಜಿಯ ನೀಲಿ ಕಮರ್ಷಿಯಲ್ ಸಿಲಿಂಡರ್, ಇಲ್ಲವೇ ವಿಳಾಸದ ಪುರಾವೆ ಕೇಳದೆ ಗುರುತಿನ ಚೀಟಿಯ ಮೇಲೆ ಕೊಡುವ 5 ಕೆಜಿಯ ಸಣ್ಣ ಸಿಲಿಂಡರ್. ಇಂಡಿಯನ್ ಆಯಿಲ್‌ನವರು ‘ಛೋಟು’ ಎಂದು ಮಾರುವುದು ಈ ಸಣ್ಣದನ್ನೇ. ಏಜೆನ್ಸಿಯಲ್ಲೂ ಕೆಲವು ಪೆಟ್ರೋಲ್ ಪಂಪ್‌ಗಳಲ್ಲೂ ಸಿಗುತ್ತದೆ.

ನೀಲಿ ಸಿಲಿಂಡರಿನ ಬಗ್ಗೆ ಏನು ಕೇಳುವುದಿದ್ದರೂ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲೆಯ ಮೇಲಿರುವ ಶೆಟ್ಟರನ್ನೋ ಭಟ್ಟರನ್ನೋ ಕನ್ನಡದಲ್ಲಿ ಮಾತಾಡಿಸಿದರೆ, ಯಾವ ಏಜೆನ್ಸಿಯವನು ಫೋನ್ ಎತ್ತುತ್ತಾನೆ, ಮಳೆಯಲ್ಲೂ ಗಾಡಿ ಕಳಿಸುತ್ತಾನೆ ಎಂಬುದೆಲ್ಲ ಐದು ನಿಮಿಷದಲ್ಲಿ ತಿಳಿಯುತ್ತದೆ. ಏಜೆನ್ಸಿಯ ಕೌಂಟರಿನಲ್ಲಿ ಸಿಗದ ಮಾಹಿತಿ ಇದು.

ಪುಣೆ, ಮುಂಬೈಯಲ್ಲಿ ಎಷ್ಟೋ ಮನೆಗಳಿಗೆ ಈಗ ಪೈಪಿನ ಗ್ಯಾಸ್ ಬಂದಿದೆ, ಸಿಲಿಂಡರ್ ವಾಪಸ್ ಹೋಗಿದೆ. ಆ ಪೈಪಿಗೆ ಒಂದು ಕವಲು ಜೋಡಿಸಿ ಜನರೇಟರಿಗೆ ಕೊಡಬಹುದೇ? ನೀವಾಗಿ ಕೈ ಹಾಕುವಂತಿಲ್ಲ. ಪೈಪಿನಲ್ಲಿ ಬರುವುದು ಮೀಥೇನ್, ಸಿಲಿಂಡರಿನಲ್ಲಿರುವುದು ಪ್ರೊಪೇನ್-ಬ್ಯೂಟೇನ್ ಮಿಶ್ರಣ. ಎಲ್‌ಪಿಜಿಗೆಂದು ಹೊಂದಿಸಿದ ಇಂಜಿನ್‌ಗೆ ಅದು ಒಗ್ಗುವುದೂ ಇಲ್ಲ. ಮೂರು ಇಂಧನದ ಯಂತ್ರಗಳು ಬೇರೆಯೇ ಇವೆ. ಅವುಗಳಿಗೂ ಗ್ಯಾಸ್ ಕಂಪನಿಯಿಂದಲೇ ಸಂಪರ್ಕ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ಕಟ್ಟುಪಾಡಿರುವಾಗ ಗ್ಯಾಸ್ ಯಾಕೆ ಬೇಕು? ಯಾಕೆಂದರೆ ಮನೆಯ ಜನರೇಟರ್ ವರ್ಷದಲ್ಲಿ ಹತ್ತು ತಿಂಗಳು ಸುಮ್ಮನೆ ಕೂತಿರುತ್ತದೆ, ಪೆಟ್ರೋಲಿಗೆ ಸುಮ್ಮನೆ ಕೂರುವುದು ಆಗಿಬರುವುದಿಲ್ಲ. ಈಗ ಪಂಪಿನಲ್ಲಿ ಬರುವುದು 20 ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಗೋವಾದ ಜೂನ್ ತಿಂಗಳ ಗಾಳಿಯಲ್ಲಿ ತೇವಕ್ಕೇನು ಬರ? ಒಂದೆರಡು ತಿಂಗಳು ಟ್ಯಾಂಕಿನಲ್ಲಿ ಬಿಟ್ಟರೆ ಪೆಟ್ರೋಲಿನ ಕಸುವು ಹೋಗುತ್ತದೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದದ್ದು ಒಣಗಿ ಅಂಟಾಗಿ, ಸೂಜಿಯಷ್ಟು ಸಣ್ಣ ಜೆಟ್ಟಿನ ತೂತನ್ನು ಮುಚ್ಚಿಬಿಡುತ್ತದೆ. ಕರೆಂಟ್ ಹೋದ ದಿನ ಹಗ್ಗ ಎಳೆದು ಎಳೆದು ರಟ್ಟೆ ನೋಯುವುದು ಇದರಿಂದಲೇ. ಗ್ಯಾಸಿಗೆ ಈ ರೋಗವಿಲ್ಲ. ಸಿಲಿಂಡರ್ ಮೂರು ವರ್ಷ ಮೂಲೆಯಲ್ಲಿದ್ದರೂ ಒಳಗಿನದು ಹಾಗೇ ಇರುತ್ತದೆ. ಇಂಜಿನ್ ಆಯಿಲ್ ಕೂಡ ಗ್ಯಾಸಿನಲ್ಲಿ ಬೇಗ ಕಪ್ಪಾಗುವುದಿಲ್ಲ.

ಪೆಟ್ರೋಲಿನ ಗುಣ ಬೇರೆ. ಅದರಲ್ಲಿ ಬಲ ಹೆಚ್ಚು, ಮಧ್ಯರಾತ್ರಿಯಲ್ಲೂ ಪಂಪಿನಲ್ಲಿ ಸಿಗುತ್ತದೆ, ಹೊತ್ತೊಯ್ಯಲು ಹಗುರ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುತ್ತದೆ. ಲೋಹದ ಡಬ್ಬಿಯಾಗಿದ್ದರೆ ಒಂದೊಂದರಲ್ಲಿ 25 ಲೀಟರ್ ಮೀರಬಾರದು. ಬಿಸ್ಲೇರಿ ಬಾಟಲಿ ಹಿಡಿದುಕೊಂಡು ಪಂಪಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಕಳಿಸಬೇಕಾದ್ದೇ. ನನ್ನ ಸಲಹೆ ಕೇಳಿದರೆ: ಮನೆಯಲ್ಲಿ ಗ್ಯಾಸ್ ಮುಖ್ಯ, ಪೆಟ್ರೋಲ್ ಆಪದ್ಧನ, ಪ್ರವಾಸದಲ್ಲಿ ಪೆಟ್ರೋಲ್ ಮುಖ್ಯ, ಗ್ಯಾಸ್ ಮನೆಯಲ್ಲೇ ಇರಲಿ.

ಖರ್ಚಿನ ಅಂದಾಜು ಹೀಗೆ ಹಾಕಿಕೊಳ್ಳಿ. ಸಣ್ಣ ಜನರೇಟರ್ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ಒಂದೂವರೆಯಿಂದ ಎರಡು ಯೂನಿಟ್ ಕರೆಂಟ್ ತೆಗೆಯುತ್ತದೆ. ಗ್ಯಾಸಾದರೆ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಅರ್ಧ ಕೆಜಿ. ಪೆಟ್ರೋಲ್ ಲೀಟರಿಗೆ ನೂರರ ಆಸುಪಾಸು ಇರುವಾಗ ಯೂನಿಟ್ಟಿಗೆ ಐವತ್ತು ರೂಪಾಯಿ ದಾಟಿತು. ಗ್ಯಾಸಿಗೆ ಅಂದಿನ ನೀಲಿ ಸಿಲಿಂಡರಿನ ದರವನ್ನು 19ರಿಂದ ಭಾಗಿಸಿ ಅರ್ಧ ಮಾಡಿ ನೋಡಿಕೊಳ್ಳಿ. ಲೋಡ್ ತೀರಾ ಕಡಿಮೆಯಿದ್ದರೆ, ಎರಡು ಫ್ಯಾನಿಗಾಗಿ ಮೂರು ಕೆವಿಎ (ಹೆಚ್ಚುಕಡಿಮೆ ಮೂರು ಸಾವಿರ ವಾಟ್ ದರ್ಜೆಯ) ಯಂತ್ರ ಓಡಿಸಿದರೆ, ಈ ಲೆಕ್ಕ ಇನ್ನೂ ಕೆಡುತ್ತದೆ. ಮಹಾವಿತರಣದ ಬಿಲ್ ಬಗ್ಗೆ ಗೊಣಗುವವರು ಒಂದು ದಿನ ಜನರೇಟರಿನಲ್ಲಿ ಮನೆ ನಡೆಸಬೇಕು.

3. ಲೋಡ್: ನೀರಿನ ಮೋಟಾರು ಇದೆಯೋ ಇಲ್ಲವೋ

ಸಾಮಾನ್ಯ ಮನೆಯೊಂದನ್ನು ತೆಗೆದುಕೊಳ್ಳೋಣ. 75 ವಾಟಿನ ಫ್ಯಾನ್ ನಾಲ್ಕು, ಅಂದರೆ 300. ಒಂಬತ್ತು ವಾಟಿನ ಬಲ್ಬ್ ಎಂಟು, 72. ಟಿವಿ, ವೈಫೈ ರೌಟರ್ ಸೇರಿ 100. ಫ್ರಿಜ್ 150. ಒಟ್ಟು 622 ವಾಟ್. ಇಷ್ಟೇ ಆದರೆ ಚಿಂತೆಯಿಲ್ಲ.

ಆದರೆ ಮೋಟಾರ್ ಇರುವ ವಸ್ತು ಶುರುವಾಗುವ ಗಳಿಗೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ಎಳೆಯುತ್ತದೆ. 150 ವಾಟಿನ ಫ್ರಿಜ್ಜಿನ ಕಂಪ್ರೆಸರ್ ಎದ್ದೇಳುವಾಗ 900 ವಾಟ್ ಕೇಳಬಹುದು. ಅರ್ಧ ಎಚ್‌ಪಿ ನೀರಿನ ಮೋಟಾರ್ ಓಡುವಾಗ 600 ವಾಟ್ ತೆಗೆದುಕೊಂಡರೆ, ಎದ್ದೇಳುವಾಗ ಮೂರು ಪಟ್ಟು, 1800. ಈಗ ಕೂಡಿಸಿ. ಮೋಟಾರಿಲ್ಲದ ಮನೆ: ಫ್ರಿಜ್ ಬಿಟ್ಟು 472, ಅದರ ಮೇಲೆ ಫ್ರಿಜ್ಜಿನ ನೆಗೆತ 900, ಒಟ್ಟು 1372 ವಾಟ್. ಎರಡು ಕೆವಿಎ ದರ್ಜೆಯ ಯಂತ್ರ ಸಾಕು. ಮೋಟಾರಿರುವ ಮನೆ: 622ರ ಮೇಲೆ 1800, ಒಟ್ಟು 2422. ಅಲ್ಲಿಂದ ಮೂರು ಕೆವಿಎ, ಎರಡು ಪಟ್ಟು ತೂಕ, ಎರಡು ಪಟ್ಟು ಗದ್ದಲ.

ಗುರುವಾರದ ಕರೆಂಟ್ ಕಡಿತಕ್ಕಷ್ಟೇ ಜನರೇಟರ್ ಬೇಕಾದವರು ಬುಧವಾರ ರಾತ್ರಿ ಮೇಲಿನ ಟ್ಯಾಂಕ್ ತುಂಬಿಸಿಕೊಂಡರೆ ಸಣ್ಣ ಯಂತ್ರದಲ್ಲೇ ಮುಗಿಯಿತು. ಗೋವಾದಲ್ಲಿ ಬಾವಿ ನೀರಿನ ಮನೆಗೆ ಈ ಉಪಾಯ ನಡೆಯದು. ಎರಡನೇ ದಿನಕ್ಕೆ ಮೋಟಾರ್ ಹಾಕಲೇಬೇಕು. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆಗಳನ್ನು ಲೆಕ್ಕದಿಂದ ಹೊರಗಿಡಿ. ಎಸಿ ಬೇಕೇಬೇಕೆನ್ನುವವರು ಐದು ಕೆವಿಎ ಕಡೆ ನೋಡಬೇಕಾಗುತ್ತದೆ, ಆಗ ಅದನ್ನು ಎತ್ತಿಕೊಂಡು ಪ್ರವಾಸ ಹೋಗುವ ಮಾತನ್ನು ಮರೆತುಬಿಡಿ.

ಇನ್ನು ಕಳೆಯುವ ಲೆಕ್ಕ. ಗ್ಯಾಸಿನಲ್ಲಿ ಓಡುವಾಗ ಅದೇ ಇಂಜಿನ್ನಿನ ಬಲ ಸುಮಾರು ಹತ್ತು ಪ್ರತಿಶತ ತಗ್ಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಪ್ರತಿ 300 ಮೀಟರಿಗೆ ಮೂರು, ಮೂರೂವರೆ ಪ್ರತಿಶತ ಹೋಗುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಇನ್ನೊಂದು ಆರು ಪ್ರತಿಶತ. ಪೆಟ್ಟಿಗೆಯ ಮೇಲೆ ಗರಿಷ್ಠ 3000 ವಾಟ್ ಎಂದಿದ್ದರೆ ಗ್ಯಾಸಿನಲ್ಲಿ 2700, ಪುಣೆಯಲ್ಲಿ ಸುಮಾರು 2540. ನಮ್ಮ 2422ಕ್ಕೆ ಹಿಡಿದು ಹಿಡಿದು ಸಾಲುತ್ತದೆ. 1300 ಮೀಟರಿಗೂ ಮೇಲಿರುವ ಮಹಾಬಳೇಶ್ವರಕ್ಕೆ ಒಯ್ದರೆ ಸಾಲುವುದಿಲ್ಲ. ಪೆಟ್ರೋಲಿನ ಅಂಕಿ ನೋಡಿ ಕೊಂಡು ಗ್ಯಾಸಿನಲ್ಲಿ ಓಡಿಸಿದರೆ ಮೋಟಾರ್ ಹಾಕಿದೊಡನೆ ಯಂತ್ರ ಮುಕ್ಕರಿದು ನಿಲ್ಲುವುದು ಇದಕ್ಕೇ. ಯಾವಾಗಲೂ ಗ್ಯಾಸಿನ ಅಂಕಿಯಿಂದ ಆರಿಸಿ.

4. ಯಂತ್ರದ ಜಾತಿ

ಎರಡು ಬಗೆ. ಕಬ್ಬಿಣದ ಚೌಕಟ್ಟಿನೊಳಗೆ ಇಂಜಿನ್ ಬರಿಮೈಯಲ್ಲಿ ಕಾಣುವ ಹಳೆಯ ಬಗೆ. ಪೆಟ್ಟಿಗೆಯಂತೆ ಮುಚ್ಚಿದ, ಹಿಡಿಕೆಯಿರುವ ಇನ್ವರ್ಟರ್ ಜನರೇಟರ್. ಹಳೆಯ ಬಗೆ 50 ಹರ್ಟ್ಸ್ ಕೊಡಲು ನಿಮಿಷಕ್ಕೆ 3000 ಸುತ್ತು ಒಂದೇ ಸಮನೆ ತಿರುಗುತ್ತಿರಬೇಕು, ಲೋಡ್ ಇರಲಿ ಬಿಡಲಿ. ಇನ್ವರ್ಟರ್ ಬಗೆ ಬಂದ ಕರೆಂಟನ್ನು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿ ಮತ್ತೆ ಎಸಿ (ದಿಕ್ಕು ಬದಲಿಸುವ ಕರೆಂಟ್) ಮಾಡುವುದರಿಂದ, ಲೋಡ್ ಕಡಿಮೆಯಿದ್ದಾಗ ಇಂಜಿನ್ ಮೆಲ್ಲಗೆ ತಿರುಗಬಹುದು. ಶಬ್ದ ಕಡಿಮೆ, ಇಂಧನ ಉಳಿತಾಯ, ಲ್ಯಾಪ್‌ಟಾಪ್, ಟಿವಿಗೆ ಹಿತವಾದ ನಯವಾದ ಕರೆಂಟ್. ಬೆಲೆ ಮಾತ್ರ ಹೆಚ್ಚು. ಎರಡು ಕೆವಿಎ ದರ್ಜೆಯ ಇನ್ವರ್ಟರ್ ಜನರೇಟರ್ 20-25 ಕೆಜಿ ತೂಗುತ್ತದೆ, ಒಬ್ಬರೇ ಡಿಕ್ಕಿಗೆ ಎತ್ತಿಡಬಹುದು. ಮೂರು ಕೆವಿಎ ಚೌಕಟ್ಟಿನದು 40 ಕೆಜಿಯ ಮೇಲೆ, ಇಬ್ಬರು ಬೇಕು.

ಪ್ರವಾಸಕ್ಕೂ ಬೇಕು, ಮನೆಗೂ ಬೇಕು ಎನ್ನುವವರು ಎರಡು ಕೆವಿಎ ಇನ್ವರ್ಟರ್ ಬಗೆ ತೆಗೆದುಕೊಂಡು ನೀರಿನ ಮೋಟಾರಿನ ಆಸೆ ಬಿಡಿ. ಬಾವಿ ಮೋಟಾರ್ ಬಿಡಲಾಗದು ಎನ್ನುವವರು ಮೂರು ಕೆವಿಎ ಚೌಕಟ್ಟಿನದನ್ನು ಕೊಂಡು ಪ್ರವಾಸದ ಆಸೆ ಬಿಡಿ. ಎರಡೂ ಸಾಧಿಸುತ್ತೇನೆಂದು ಮಧ್ಯದ್ದೊಂದನ್ನು ತಂದವರ ಮನೆಯಲ್ಲಿ ಅದು ಎರಡಕ್ಕೂ ಒದಗದೆ ನಿಂತಿರುವುದನ್ನು ನೋಡಿದ್ದೇನೆ.

ಗ್ಯಾಸ್ ವ್ಯವಸ್ಥೆ ಕಂಪನಿಯಲ್ಲೇ ಜೋಡಿಸಿ ಬಂದಿರಬೇಕು. ಪೆಟ್ರೋಲ್ ಜನರೇಟರಿಗೆ ಹೊರಗಿನಿಂದ ಕಿಟ್ ಹಾಕಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ವಾರಂಟಿ ಅಲ್ಲಿಗೇ ಮುಗಿಯುತ್ತದೆ, ಸೋರಿಕೆಯ ಹೊಣೆ ನಿಮ್ಮ ತಲೆಗೆ. ಅಮೆರಿಕಕ್ಕೆಂದು ಮಾಡಿದ ಯಂತ್ರ ಯಾರಾದರೂ ಅಗ್ಗದಲ್ಲಿ ಕೊಟ್ಟರೂ ಬೇಡ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಗ್ಯಾಸ್ ಬಹುಪಾಲು ಪ್ರೊಪೇನ್, ರೆಗ್ಯುಲೇಟರಿನ ಜೋಡಣೆಯೇ ಬೇರೆ. ಯಂತ್ರದ ಮೈಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆಯ ಪಟ್ಟಿ ಇದೆಯೇ ನೋಡಿ. ಪೆಟ್ರೋಲ್ ಜನರೇಟರಿಗೆ ಮಂಡಳಿಯ ಶಬ್ದ ಮಿತಿ 86 ಡೆಸಿಬೆಲ್. ಅದು ಯಂತ್ರದ ಒಟ್ಟು ಧ್ವನಿಶಕ್ತಿಯ ಅಳತೆ. ಜಾಹೀರಾತಿನ 58, 60 ಎಂಬ ಅಂಕಿಗಳು ಸಾಮಾನ್ಯವಾಗಿ ಏಳು ಮೀಟರ್ ದೂರ ನಿಂತು ಕಡಿಮೆ ಲೋಡಿನಲ್ಲಿ ಅಳೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

5. ಅಂಗಡಿಯಲ್ಲಿ

ಪುಣೆಯಲ್ಲಿ ಬುಧವಾರ ಪೇಠೆಯ ತಾಪಕೀರ್ ಗಲ್ಲಿ, ಮುಂಬೈಯಲ್ಲಿ ನಾಗದೇವಿ ಸ್ಟ್ರೀಟ್ ಸುತ್ತಿದರೆ ಒಂದು ಅಂದಾಜು ಸಿಗುತ್ತದೆ. ಆನ್‌ಲೈನ್ ಬೆಲೆ ನೋಡಿಕೊಂಡು ಹೋಗಿ, ಆದರೆ ಓಡಿಸಿ ತೋರಿಸುವವನ ಹತ್ತಿರವೇ ಕೊಳ್ಳಿ. ತಾಪಕೀರ್ ಗಲ್ಲಿಯ ಕಡೆ ನಿಪ್ಪಾಣಿ ಮೂಲದ ವ್ಯಾಪಾರಿಯೊಬ್ಬರ ಜೊತೆ ನಡೆದ ಮಾತು ಇದು:

‘ತ್ರೀ ಕೆವಿಎ ಅದರೀ ಸರ್, ಇಡೀ ಮನಿ ನಡೀತದ.’

‘ಗ್ಯಾಸ್ ಮ್ಯಾಲ ಎಷ್ಟ್ ಕೊಡ್ತದರೀ?’

‘ಅದೂ ಅಷ್ಟರೀ.’

‘ಪುಸ್ತಕದಾಗ ತೋರಸ್ರಲ್ಲ.’

ಪುಸ್ತಕ ಬಿಚ್ಚಿದಾಗ ಗ್ಯಾಸಿನ ಕಾಲಮ್ಮಿನಲ್ಲಿ ಬೇರೆ ಅಂಕಿ ಇತ್ತು, ಅವರಿಗೇ ನಗು ಬಂತು. ಕೆಟ್ಟ ಮನುಷ್ಯನಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ.

ಕೇಳಬೇಕಾದ್ದು ಇಷ್ಟು. ತಣ್ಣಗಿರುವ ಯಂತ್ರವನ್ನು ಗ್ಯಾಸಿನಲ್ಲೇ ಸ್ಟಾರ್ಟ್ ಮಾಡಿ ತೋರಿಸಿ. ಪೆಟ್ರೋಲಿನಲ್ಲಿ ಬಿಸಿ ಮಾಡಿ ಆಮೇಲೆ ಗ್ಯಾಸಿಗೆ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ಓಡುತ್ತಿರುವಾಗ ಒಂದು ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಚುಚ್ಚಿ: ಇಂಜಿನ್ ಒಂದು ಕ್ಷಣ ಕುಗ್ಗಿ ಮತ್ತೆ ಚೇತರಿಸಿಕೊಳ್ಳಬೇಕು, ತೊದಲುತ್ತಲೇ ಇರಬಾರದು. ಸೆಲ್ಫ್ ಇದ್ದರೂ ಹಗ್ಗದಿಂದ ಒಮ್ಮೆ ಎಳೆದು ನೋಡಿ, ಮನೆಯಲ್ಲಿ ಅದನ್ನು ಎಳೆಯಬೇಕಾದವರಿಂದಲೇ ಎಳೆಸಿ. ಗ್ಯಾಸ್ ಪೈಪು, ರೆಗ್ಯುಲೇಟರ್ ಯಾವ ಸಿಲಿಂಡರಿಗೆ ಕೂರುತ್ತದೆ, 19 ಕೆಜಿಯದಕ್ಕೋ 5 ಕೆಜಿಯದಕ್ಕೋ? ರೆಗ್ಯುಲೇಟರಿನೊಳಗಿನ ಡಯಾಫ್ರಾಮ್ (ತೆಳು ಪೊರೆ) ಹಾಳಾದರೆ ಬಿಡಿಭಾಗ ಪುಣೆಯಲ್ಲೇ ಸಿಗುತ್ತದೆಯೇ? ಸರ್ವಿಸ್ ಮಾಡುವವನು ಮನೆಗೆ ಬರುತ್ತಾನೆಯೇ, ನಾವೇ ಹೊರಬೇಕೇ? ಗೋವಾದವರು ಈ ಕೊನೆಯದನ್ನು ಬರಹದಲ್ಲಿ ತೆಗೆದುಕೊಂಡರೆ ಲೇಸು. ಮಡಗಾಂವ್, ಪಣಜಿಯಲ್ಲಿ ಸರ್ವಿಸ್ ಇಲ್ಲದ ಯಂತ್ರ ಬೆಳಗಾವಿಗೋ ಮುಂಬೈಗೋ ಹೋಗಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

6. ಮನೆಗೆ ಜೋಡಿಸುವುದು

ಎರಡೂ ಕಡೆ ಪಿನ್ ಇರುವ ವಾಯರ್ ಮಾಡಿಸಿ ಗೋಡೆಯ ಸಾಕೆಟ್ಟಿಗೆ ಜನರೇಟರ್ ಕರೆಂಟ್ ತುಂಬಿಸುವ ಚಟ ನಮ್ಮಲ್ಲಿ ಇನ್ನೂ ಇದೆ. ಮೇನ್ ಆಫ್ ಮಾಡಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ 230 ವೋಲ್ಟ್ 11,000 ಆಗಿ, ತಂತಿ ಸರಿಮಾಡುತ್ತಿರುವ ಲೈನ್‌ಮನ್‌ನನ್ನು ಕೊಲ್ಲುತ್ತದೆ. ಲೈಸೆನ್ಸ್ ಇರುವ ವಾಯರ್‌ಮನ್ ಕರೆಸಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದರ ಹಿಂದೆ ಬೇಕಾದ ಸರ್ಕ್ಯೂಟ್ ಮಾತ್ರ ಇರಲಿ, ಗೀಸರ್, ಎಸಿ ಹೊರಗಿರಲಿ. ಆಗ ಮಗು ಅಪ್ಪಿತಪ್ಪಿ ಗೀಸರ್ ಒತ್ತಿದರೂ ಏನಾಗುವುದಿಲ್ಲ. ಇಪ್ಪತ್ತು ಅಡಿ ದೂರಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವಾಯರ್. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ಬಾಕ್ಸ್ ಬಿಸಿಯಾಗಿ ಕರಗುತ್ತದೆ.

ಮನೆಯಲ್ಲಿ ಈಗಾಗಲೇ ಬ್ಯಾಟರಿ ಇನ್ವರ್ಟರ್ ಇದ್ದರೆ ಒಂದು ತೊಡಕಿದೆ. ಜನರೇಟರ್ ಕರೆಂಟ್ ಬಂದೊಡನೆ ಇನ್ವರ್ಟರ್ ಅದನ್ನು ‘ಲೈಟ್ ಬಂತು’ ಎಂದುಕೊಂಡು ಬ್ಯಾಟರಿ ಚಾರ್ಜಿಗೆ ಇಳಿಯುತ್ತದೆ. 150 ಎಎಚ್ ಬ್ಯಾಟರಿಗೆ 200-250 ವಾಟ್ ಹೆಚ್ಚಿಗೆ ಹಿಡಿಯಿರಿ, ಲೋಡ್ ಪಟ್ಟಿಗೆ ಸೇರಿಸಿ. ಚೌಕಟ್ಟಿನ ಜನರೇಟರ್ ಆದರೆ ವೋಲ್ಟೇಜ್ ಏರಿಳಿತ ಕಂಡು ಇನ್ವರ್ಟರ್ ಅದನ್ನು ಒಪ್ಪಿಕೊಳ್ಳದೆ ಟಕ್ ಟಕ್ ಎಂದು ಬದಲಾಗುತ್ತಲೇ ಇರಬಹುದು. ಇನ್ವರ್ಟರಿನ ಬೆನ್ನಿನಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸಣ್ಣ ಸ್ವಿಚ್ ಇದ್ದರೆ ನಾರ್ಮಲ್‌ಗೆ ಹಾಕಿ; ಆಗ ಅದರ ಸಹನೆ ಹೆಚ್ಚುತ್ತದೆ.

ಜನರೇಟರ್, ಬ್ಯಾಟರಿ ಇನ್ವರ್ಟರ್ ಎರಡೂ ಇರುವವರು ಅದೃಷ್ಟವಂತರು. ದಿನವಿಡೀ ಜನರೇಟರ್ ಓಡಿಸಬೇಕಿಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ, ಸಂಜೆ ಎರಡು ಮೂರು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿ, ನೀರು ಎತ್ತಿಸಿ, ಫ್ರಿಜ್ ತಂಪು ಮಾಡಿಕೊಳ್ಳಿ. ಉಳಿದ ಹೊತ್ತು, ರಾತ್ರಿಯೂ, ಫ್ಯಾನ್-ಲೈಟ್ ಇನ್ವರ್ಟರಿನಲ್ಲಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಹೀಗೆ ಓಡಿಸಿದರೆ 19 ಕೆಜಿಯ ಸಿಲಿಂಡರ್ ನಾಲ್ಕೈದು ದಿನದ ಕತ್ತಲನ್ನು ದಾಟಿಸುತ್ತದೆ.

7. ಗ್ಯಾಸಿನಲ್ಲಿ ಓಡಿಸುವ ಕ್ರಮ

ಪೆಟ್ರೋಲಿನಲ್ಲಿ ಓಡುತ್ತಿದ್ದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಬಂದ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಸುಟ್ಟುಹೋಗುವವರೆಗೆ ಓಡಲು ಬಿಡಿ. ಆಮೇಲೆ ಗುಬುಟನ್ನು ಗ್ಯಾಸಿಗೆ ತಿರುಗಿಸಿ, ಸಿಲಿಂಡರ್ ವಾಲ್ವ್ ಮೆಲ್ಲಗೆ ತೆರೆದು, ಪೈಪಿನ ಪ್ರತಿ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಬಂದರೆ ಅಂದು ಗ್ಯಾಸ್ ಬೇಡ. ನಿಲ್ಲಿಸುವಾಗ ಮೊದಲು ಲೋಡ್ ತೆಗೆದು, ಸಿಲಿಂಡರ್ ವಾಲ್ವ್ ಮುಚ್ಚಿ; ಪೈಪಿನಲ್ಲಿರುವುದು ಮುಗಿದು ಇಂಜಿನ್ ತಾನೇ ನಿಲ್ಲುತ್ತದೆ.

ಓಡುತ್ತಿರುವಾಗ ಸಿಲಿಂಡರಿನ ಕೆಳ ಅರ್ಧದ ಮೇಲೆ ಬೆವರು ಕಾಣಿಸುತ್ತದೆ. ಒಳಗಿನ ದ್ರವ ಆವಿಯಾಗಲು ಶಾಖ ಬೇಕು, ಅದನ್ನು ತನ್ನ ಮೈಯಿಂದಲೇ ತೆಗೆದುಕೊಂಡು ತಣ್ಣಗಾಗುತ್ತದೆ. 19 ಕೆಜಿಯದರಲ್ಲಿ ಬೆವರಿಗೇ ನಿಲ್ಲುತ್ತದೆ. 5 ಕೆಜಿಯ ಸಣ್ಣದಕ್ಕೆ ಒಂದೂವರೆ ಕಿಲೋವಾಟ್ ಲೋಡ್ ಹಾಕಿದರೆ, ಅದೂ ಪುಣೆಯ ಡಿಸೆಂಬರ್ ಬೆಳಗಿನಲ್ಲಿ, ಬಿಳಿ ಮಂಜು ಕಟ್ಟುತ್ತದೆ, ಒತ್ತಡ ಇಳಿದು ಇಂಜಿನ್ ತೊದಲುತ್ತದೆ, ಅರ್ಧ ಗ್ಯಾಸ್ ಒಳಗಿದ್ದರೂ ‘ಖಾಲಿಯಾಯಿತು’ ಎನ್ನಿಸುತ್ತದೆ. ನಮ್ಮ ಗ್ಯಾಸಿನಲ್ಲಿ ಬ್ಯೂಟೇನ್ ಪಾಲು ಹೆಚ್ಚು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಆದರೆ ಸೊನ್ನೆಯಿಂದ 42 ಡಿಗ್ರಿ ಕೆಳಗೂ ಆವಿಯಾಗುತ್ತದೆ. ಲೋಡ್ ಇಳಿಸಿ, ಸಿಲಿಂಡರಿಗೆ ಸ್ವಲ್ಪ ಬಿಸಿಲು ತಾಗಲಿ. ಕೆಲವು ಅಡುಗೆ ಕಾಂಟ್ರಾಕ್ಟರುಗಳು ಮಾಡುವಂತೆ ಸಿಲಿಂಡರ್ ಅಡ್ಡ ಮಲಗಿಸುವುದು, ಕೆಳಗೆ ಬೆಂಕಿ ಹಿಡಿಯುವುದು ಯಾವ ಕಾರಣಕ್ಕೂ ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

8. ಪ್ರವಾಸಕ್ಕೆ

ಪವನಾ ಕೆರೆಯ ದಂಡೆ, ಭಂಡಾರದರಾ, ಗೋವಾದ ಒಳನಾಡಿನ ಹೋಂಸ್ಟೇ, ಎಲ್ಲೇ ಆಗಲಿ, ಮೊದಲು ಕೇಳಿ. ಅಭಯಾರಣ್ಯದೊಳಗೆ ಜನರೇಟರ್ ಮಾತೇ ಇಲ್ಲ. ಖಾಸಗಿ ಕ್ಯಾಂಪಿನವರು ಒಪ್ಪಿದರೂ ರಾತ್ರಿ ಹತ್ತರ ನಂತರ ಬಂದ್ ಮಾಡಿ. ನಕ್ಷತ್ರ ನೋಡಲು ಬಂದವರ ಪಕ್ಕ ಇಂಜಿನ್ ಗುಡುಗಿಸುವುದು ಸಭ್ಯತೆಯಲ್ಲ. ಟೆಂಟಿಗೂ 20 ಅಡಿಯ ನಿಯಮವೇ. ಮಾರ್ಚ್ ನಂತರ ಸಹ್ಯಾದ್ರಿಯ ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ಇಡಬೇಡಿ, ಬರಿನೆಲ ನೋಡಿ ನಿಲ್ಲಿಸಿ. ಕಿಡಿ ತಡೆಯುವ ಜಾಲರಿ ಇರುವ ಸೈಲೆನ್ಸರ್ ಇದ್ದರೆ ಉತ್ತಮ.

ಕಾರಿನಲ್ಲಿ ಒಯ್ಯುವಾಗ ಟ್ಯಾಂಕ್ ಖಾಲಿ, ಕಾಕ್ ಬಂದ್, ಯಂತ್ರ ನೆಟ್ಟಗೆ. ಮಲಗಿಸಿದರೆ ಆಯಿಲ್ ಇಂಜಿನ್ನಿನ ಸಿಲಿಂಡರಿನೊಳಗೆ ಇಳಿದು ಪ್ಲಗ್ ತೋಯುತ್ತದೆ. ಪೆಟ್ರೋಲನ್ನು ಅಲ್ಲಿಯ ಹತ್ತಿರದ ಪಂಪಿನಲ್ಲಿ ತುಂಬಿಸಿ. ಮುಚ್ಚಿದ ಕಾರಿನೊಳಗೆ ಗ್ಯಾಸ್ ಸಿಲಿಂಡರ್ ಒಯ್ಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊಬೈಲ್ ಚಾರ್ಜು, ನಾಲ್ಕು ದೀಪ, ಸಣ್ಣ ಸ್ಪೀಕರಿಗಷ್ಟೇ ಆದರೆ ಲಿಥಿಯಂ ಬ್ಯಾಟರಿಯ ಪವರ್ ಸ್ಟೇಷನ್ ಬಾಡಿಗೆಗೆ ತೆಗೆದುಕೊಳ್ಳಿ, ಇಷ್ಟೆಲ್ಲ ರಗಳೆಯೇ ಬೇಡ.

9. ಕೊಂಡ ಮೇಲೆ

ಹೊಸ ಇಂಜಿನ್ನಿನ ಮೊದಲ ಆಯಿಲ್ 20 ಗಂಟೆ ಓಡಿದ ಮೇಲೆ ಬದಲಿಸಿ, ಆಮೇಲೆ ಪುಸ್ತಕ ಹೇಳಿದಂತೆ. ತಿಂಗಳಿಗೊಮ್ಮೆ ಹದಿನೈದು ನಿಮಿಷ, ಬರಿದೆ ಅಲ್ಲ, ಫ್ರಿಜ್ಜಿನಂಥ ಲೋಡ್ ಕೊಟ್ಟು ಓಡಿಸಿ. ಪೆಟ್ರೋಲಿನಲ್ಲಿ ಓಡಿಸಿದ್ದರೆ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ, ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದ ಹನಿ ಇಳಿಸಿ. ಗೋವಾದ ಕಡಲಿನ ಸಮೀಪದವರು ಸಾಕೆಟ್ಟಿನ ಪಿತ್ತಾಳೆ, ಅರ್ಥಿಂಗ್ ಬೋಲ್ಟ್, ಬ್ಯಾಟರಿ ತುದಿಗಳನ್ನು ಮಳೆಗಾಲಕ್ಕೆ ಮೊದಲು ಒರೆಸಿ ಗ್ರೀಸ್ ಹಚ್ಚಬೇಕು; ಉಪ್ಪುಗಾಳಿ ಒಂದೇ ವರ್ಷದಲ್ಲಿ ಹಸಿರು ಹಿಡಿಸುತ್ತದೆ. ಗ್ಯಾಸ್ ಪೈಪಿನ ಮೇಲೆ ಅಚ್ಚಾದ ತಿಂಗಳು, ವರ್ಷ ನೋಡಿಕೊಂಡು ಐದು ವರ್ಷಕ್ಕೆ ಮೊದಲೇ ಬದಲಿಸಿ. ಇಲಿ ಕಡಿದ ಗುರುತು ಕಂಡರೆ ಅಂದೇ.

ಏಪ್ರಿಲ್ ಕೊನೆಗೆ ಒಂದು ಭಾನುವಾರ ಮೇನ್ ಸ್ವಿಚ್ ತೆಗೆದು, ಮನೆಯವರೆಲ್ಲರ ಎದುರು ಪೂರ್ತಿ ಒಮ್ಮೆ ಓಡಿಸಿ ನೋಡಿ. ಅಂದು ಕಾಣುವ ದೋಷಕ್ಕೆ ಮೆಕ್ಯಾನಿಕ್ ಸಿಗುತ್ತಾನೆ. ಜೂನ್ ಹತ್ತರ ನಂತರ ಅವನ ಫೋನ್ ಬ್ಯುಸಿ.